ಹೊಡೆಯದ ತಂತಿ

ಗಿರಿಜಕ್ಕನ ಖಾರ ಕುಟ್ಟುವ ಮಷಿನ್ ನಮ್ಮ ಓಣಿಯ ಟಿ.ವಿ., ಫ್ರಿಜ್ಜುಗಳನ್ನು ಸುಡಲಿಲ್ಲ. ಸುಟ್ಟವಳು ನಾನು. ನಾನು, ಮತ್ತು ಶಾವಿಗೆ ಒಣಹಾಕಲೆಂದು ನಮ್ಮ ಮಾಳಿಗೆಯ ಮೇಲೆ ನಾನು ಬಿಗಿದ ಒಂದು ಹಗ್ಗ. ಇದು ನನಗೆ ಆ ದಿನವೇ ಗೊತ್ತಿತ್ತು — ಪೂರ್ತಿ ಅಲ್ಲದಿದ್ದರೂ ಬಾಯಿ ಬಿಡಬೇಕಾದಷ್ಟು ಗೊತ್ತಿತ್ತು. ಬಿಡಲಿಲ್ಲ. ನನ್ನ ಮಗಳು ಆಗ ಹೈಸ್ಕೂಲಿಗೆ ಹೋಗುತ್ತಿದ್ದಳು. ಈಗ ಅವಳ ಮಗಳೇ ಶಾಲೆಗೆ ಹೋಗುತ್ತಾಳೆ. ಅಷ್ಟು ವರ್ಷ ಗಿರಿಜಕ್ಕ ನನ್ನ ತಪ್ಪನ್ನು ತನ್ನದೆಂದು ನಂಬಿ ಓಣಿಯ ಮುಂದೆ ತಲೆ ತಗ್ಗಿಸಿದಳು, ನಾನು ಪಕ್ಕದಲ್ಲೇ ನಿಂತು ನೋಡಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಅತ್ತು ಕರೆಯುವ ಹೆಂಗಸಲ್ಲ. ಬ್ಯಾಡಗಿಯಲ್ಲಿ ಸುಖವಾಗಿಯೇ ಇದ್ದೇನೆ. ನಮ್ಮನೆಯವರು ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದು ಈಗ ಮನೆಯಲ್ಲಿ ಕೂತು ನನ್ನ ಅಡುಗೆಗೆ ತಪ್ಪು ಹುಡುಕುತ್ತಾರೆ. ನನ್ನದೊಂದು ಶಾವಿಗೆ ಮಷಿನ್ ಇದೆ, ಬೇಸಿಗೆ ಬಂತೆಂದರೆ ಹಾವೇರಿಯಿಂದಲೂ ಗಿರಾಕಿಗಳು ಬರುತ್ತಾರೆ. ಉಂಡದ್ದು ಅರಗುತ್ತದೆ, ಮಲಗಿದರೆ ನಿದ್ದೆ ಬರುತ್ತದೆ. ನಾಚಿಕೆ ಇರುವುದೇ ಅಲ್ಲಿ — ಇಂಥ ಕೆಲಸ ಮಾಡಿದವಳಿಗೆ ನಿದ್ದೆ ಇಷ್ಟು ಚೆನ್ನಾಗಿ ಬರಬಾರದಿತ್ತು.

ನಮ್ಮ ಮಾಳಿಗೆಯ ಮೂಲೆಗೆ ಹತ್ತಿಕೊಂಡೇ ಕರೆಂಟಿನ ಕಂಬ. ಆಗ ಅದರ ಮೇಲೆ ರಬ್ಬರಿನ ಹೊದಿಕೆಯಿಲ್ಲದ ಬರಿ ತಂತಿಗಳೇ ಇದ್ದವು, ಮೇಲೆ ಮೂರು, ಎಲ್ಲಕ್ಕೂ ಕೆಳಗೆ ಒಂದು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಕಲಿಸಿದ ಪಾಠಗಳಲ್ಲಿ ಇದೂ ಒಂದು: ಮೇಲಿನ ಮೂರರ ತಂಟೆಗೆ ಹೋಗಬೇಡ, ಕೆಳಗಿನದು ಹೊಡೆಯುವುದಿಲ್ಲ. ಇಡೀ ಓಣಿ ಹಾಗೆಯೇ ನಂಬಿತ್ತು. ಹಬ್ಬ ಬಂದರೆ ತೋರಣದ ದಾರದ ಒಂದು ತುದಿಯನ್ನು ಆ ಕೆಳಗಿನ ತಂತಿ ಹಿಡಿದ ಕಬ್ಬಿಣದ ಪಟ್ಟಿಗೇ ಕಟ್ಟುತ್ತಿದ್ದರು. ಹೊಡೆಯದ ತಂತಿ ಎಂದರೆ ಕೆಲಸವಿಲ್ಲದ ತಂತಿ ಎಂದೇ ನಮ್ಮ ಎಣಿಕೆ. ನಾಲ್ಕನೆಯದನ್ನು ಶಾಸ್ತ್ರಕ್ಕೆಂದು ಎಳೆದಿದ್ದಾರೆ ಅಂದುಕೊಂಡಿದ್ದೆವು. ಅದೂ ಒಂದೊಂದು ಸಲ ಜೀವ ತೆಗೆಯುವಂತೆ ಹೊಡೆಯುತ್ತದೆ ಎಂದು ಆಮೇಲೆ ಕಲಿತೆ. ಇದನ್ನು ಓದುವ ಯಾರೂ ಕಂಬದ ಹತ್ತಿರ ಹೋಗಬೇಡಿ.

ಗಿರಿಜಕ್ಕನ ಮನೆ ನಮ್ಮದರಿಂದ ಎರಡು ಬಾಗಿಲು ಆಚೆ. ಆಕೆಯ ಗಂಡ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದವನು, ಚೀಲ ಹೊತ್ತು ಹೊತ್ತು ಸೊಂಟ ಬಿದ್ದು ಹಾಸಿಗೆ ಹಿಡಿದಿದ್ದ. ಆತನನ್ನು ಬಿಟ್ಟು ಆಕೆ ಹೊರಗೆ ದುಡಿಯಲು ಹೋಗುವಂತಿರಲಿಲ್ಲ. ನಮ್ಮ ಮಹಿಳಾ ಸಂಘದ ನೆರವಿನಿಂದ ಮುಂದಿನ ಕೋಣೆಯಲ್ಲಿ ಖಾರ ಕುಟ್ಟುವ ಮಷಿನ್ ಕೂಡಿಸಿದಳು. ಗಂಡ ನೀರು ಬೇಕೆಂದು ಕೂಗಿದರೆ ಕೇಳಬೇಕು, ಹಾಗೆ. ಓಣಿಗೆಲ್ಲ ಖುಷಿ. ವರ್ಷದ ಖಾರಕ್ಕೆಂದು ಮೆಣಸಿನಕಾಯಿ ಹೊತ್ತು ದೂರದ ಗಿರಣಿಯ ಮುಂದೆ ಬಿಸಿಲಲ್ಲಿ ಕೂರುವುದು ತಪ್ಪಿತಲ್ಲ ಎಂದು ನಾವೆಲ್ಲ ಸೇರಿ ಮಷಿನ್‌ಗೆ ಕುಂಕುಮ ಹಚ್ಚಿ ಆರತಿ ಎತ್ತಿದ್ದೆವು. ಆರತಿ ತಟ್ಟೆ ಹಿಡಿದವಳು ನಾನೇ.

ಅದಾಗಿ ಬಹಳ ದಿನವಾಗಿರಲಿಲ್ಲ. ಬೇಸಿಗೆಯ ಒಂದು ಮುಂಜಾನೆ ನನಗೆ ಶಾವಿಗೆಯ ಗಡಿಬಿಡಿ. ಮಾಳಿಗೆಯ ಹಗ್ಗಗಳೆಲ್ಲ ತುಂಬಿದ್ದವು. ಇನ್ನೊಂದು ಹಗ್ಗ ಬೇಕಾಯಿತು, ಕಟ್ಟಲು ಇನ್ನೊಂದು ಆಸರೆ ಇರಲಿಲ್ಲ. ಒಂದು ತುದಿಯನ್ನು ನೀರಿನ ಟಾಕಿಗೆ ಬಿಗಿದೆ. ಇನ್ನೊಂದನ್ನು — ಹೌದು, ಕಂಬದ ಕಬ್ಬಿಣದ ಪಟ್ಟಿಗೆ. ತೋರಣದ ದಾರ ಹಗುರ. ಹಸಿ ಶಾವಿಗೆ ಹಾಗಲ್ಲ, ಒದ್ದೆ ಸೀರೆಗಿಂತ ಭಾರ. ಕೋಲುಗಳ ಮೇಲೆ ಎಳೆ ಎಳೆಯಾಗಿ ಹರವಿ ಸಾಲಾಗಿ ತೂಗುಬಿಟ್ಟೆ. ನೋಡಲು ಎಷ್ಟು ಚೆಂದ ಕಂಡಿತೆಂದರೆ ಸೊಂಟದ ಮೇಲೆ ಕೈಯಿಟ್ಟು ನಿಂತು ನನ್ನನ್ನು ನಾನೇ ಮೆಚ್ಚಿಕೊಂಡೆ.

ಗಾಳಿ ಬೀಸಿತು. ಹಗ್ಗ ಒಮ್ಮೆ ಮೇಲೆದ್ದು ಜಗ್ಗಿತು. ಕಂಬದ ಮೇಲೆ ಆ ಹಳೇ ಪಟ್ಟಿ ವಾಲಿತು, ಕೆಳಗಿನ ತಂತಿಯ ಗಂಟು ಬಿಚ್ಚಿಕೊಂಡು ತುದಿ ಜೋತುಬಿತ್ತು. ಸಣ್ಣದೊಂದು ನೀಲಿ ಕಿಡಿ. ಅಷ್ಟೇ. ನಾನು ನೋಡಿದೆ. ಮೊದಲು ಬಂದ ಯೋಚನೆ ತಂತಿಯದಲ್ಲ, ಶಾವಿಗೆಯದು. ಪಟ್ಟಿಯಿಂದ ಜಾರಿ ಬಂದ ಹಗ್ಗವನ್ನು ಎಳೆದುಕೊಂಡು, ಕೋಲುಗಳನ್ನು ಒಂದೊಂದೇ ಎತ್ತಿ ಚಾಪೆಯ ಮೇಲೆ ಮಲಗಿಸಿದೆ. ಹೊಡೆಯದ ತಂತಿ ತಾನೇ, ಕಿತ್ತರೆ ಕಿತ್ತೀತು — ಹೀಗೆಯೇ ಅಂದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಅಷ್ಟರಲ್ಲಿ ಕೆಳಗೆ ಢಬ್ ಎಂದು ಸದ್ದು. ಇಳಿದು ಓಡಿದೆ. ಟಿ.ವಿ.ಯ ಹಿಂದಿನಿಂದ ಹೊಗೆ, ಸುಟ್ಟ ರಬ್ಬರಿನ ವಾಸನೆ. ಅಡುಗೆಮನೆಯ ಬಲ್ಬು ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿಯುತ್ತಿತ್ತು. ಗಿರಿಜಕ್ಕನ ಮನೆಯಿಂದ ಮಷಿನ್ ಗುಂಯ್ ಎಂದು ನರಳುವುದು ಕೇಳಿತು, ನಿಂತಿತು, ಮತ್ತೆ ಶುರುವಾಯಿತು. ಅದು ಶುರುವಾಗುತ್ತಿದ್ದಂತೆ ಬಲ್ಬು ಇನ್ನೂ ಒಂದು ಪಟ್ಟು ಉರಿದು ಒಡೆಯಿತು. ಓಡಿಹೋಗಿ ಮೇನ್ ಇಳಿಸಿದೆ. ಹೊರಗೆ ಬಂದರೆ ಓಣಿಯೇ ಬೀದಿಯಲ್ಲಿತ್ತು. ಒಬ್ಬರ ಫ್ರಿಜ್ಜು, ಒಬ್ಬರ ಮಿಕ್ಸರು, ಇನ್ನೊಬ್ಬರ ಮಗಳ ಮದುವೆಗೆಂದು ತಂದಿಟ್ಟ ಹೊಸ ಟಿ.ವಿ., ಎದುರು ಮನೆಯ ಮಾಸ್ತರರ ಫ್ಯಾನು. ಗಿರಿಜಕ್ಕನ ಮನೆಯಲ್ಲಿ ಮಾತ್ರ ಏನೂ ಸುಟ್ಟಿರಲಿಲ್ಲ. ಆಕೆಯ ಬಲ್ಬು ಎಣ್ಣೆ ತೀರಿದ ದೀಪದ ಹಾಗೆ ಮಿಣುಕುತ್ತಿತ್ತಂತೆ, ಮಷಿನ್ ಎಳೆಯಲಾರದೆ ನಿಲ್ಲುತ್ತಿತ್ತಂತೆ. ಮೆಣಸಿನಕಾಯಿ ಸಿಕ್ಕಿಕೊಂಡಿದೆ ಎಂದುಕೊಂಡು ಆಕೆ ಬಂದ್ ಮಾಡಿ ಮತ್ತೆ ಮತ್ತೆ ಚಾಲೂ ಮಾಡಿದ್ದಳು.

ಲೈನ್‌ಮನ್ ಬಂದು ಕಂಬ ಹತ್ತಿ, ನ್ಯೂಟ್ರಲ್ ಕಿತ್ತಿತ್ತು, ಹಾಕಿದ್ದೇನೆ ಎಂದು ಹೇಳಿ ಬೇರೆ ಕೆಲಸಕ್ಕೆ ಹೋದ. ನ್ಯೂಟ್ರಲ್ ಎಂದರೇನೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಕಣ್ಣಿಂದ ಕಂಡದ್ದು ಎಲ್ಲರಿಗೂ ಗೊತ್ತಿತ್ತು — ಆಕೆಯ ಮಷಿನ್ ಸದ್ದು ಮಾಡಿದಾಗಲೆಲ್ಲ ನಮ್ಮ ಬಲ್ಬು ಉರಿದವು, ನಮ್ಮದೆಲ್ಲ ಸುಟ್ಟಿತು, ಆಕೆಯದು ಉಳಿಯಿತು. ಇದಕ್ಕಿಂತ ಸಾಕ್ಷಿ ಬೇಕೆ? ಸಂಜೆ ಮಾಸ್ತರರ ಮನೆಯ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ಮಾಸ್ತರರು ನ್ಯಾಯವಂತರು, ಒಬ್ಬೊಬ್ಬರನ್ನೇ ಕೇಳಿದರು. ಕೊನೆಗೆ ನನ್ನ ಕಡೆ ತಿರುಗಿದರು.

"ಸುಮಿತ್ರವ್ವ, ನೀ ಮಾಳಿಗಿ ಮ್ಯಾಲ ಇದ್ದಿ. ನೀ ಏನ್ ನೋಡಿದಿ, ಖರೇ ಹೇಳವ್ವ."

ಗಿರಿಜಕ್ಕ ನನ್ನನ್ನೇ ನೋಡುತ್ತಿದ್ದಳು. ಆಕೆಯ ಮುಂಗೈಗೆ ಇನ್ನೂ ಖಾರದ ಪುಡಿ ಹತ್ತಿತ್ತು. ನಾನು ಹೇಳಿದೆ: "ಮಷಿನ್ ಚಾಲೂ ಆದಾಗನ ಬಲ್ಬ್ ಉರದೂವ್ರಿ. ನಾನೂ ಕಣ್ಣಾರೆ ನೋಡೇನಿ."

ಈ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಅದಕ್ಕೇ ಇದು ನಾನು ಬದುಕಿನಲ್ಲಿ ಆಡಿದ ಅತಿ ದೊಡ್ಡ ಸುಳ್ಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಹೆಗಲನ್ನೂ ಮುಟ್ಟಲಿಲ್ಲ. ನನ್ನ ಟಿ.ವಿ.ಯೂ ಸುಟ್ಟಿತ್ತಲ್ಲ — ನನ್ನ ಮೇಲೆ ಯಾರಿಗೆ ಅನುಮಾನ ಬಂದೀತು? ಕಂಬದ ಮೇಲಿನ ಕಿಡಿಯ ಮಾತು, ಹಗ್ಗದ ಮಾತು ನಾಲಿಗೆಯ ತುದಿಗೆ ಬಂದವು... ಮಾಸ್ತರರು ಅಷ್ಟರಲ್ಲಿ ಮುಂದಿನವರ ಕಡೆ ತಿರುಗಿದ್ದರು, ನಾನು ನುಂಗಿಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು, ಕಬ್ಬಿಣ ಕಾಯಿಸಿ ಕೊಟ್ಟವಳು ನಾನು.

ಗಿರಿಜಕ್ಕ ವಾದ ಮಾಡಲಿಲ್ಲ. ಆಕೆಯೂ ನೋಡಿದ್ದಳಲ್ಲ, ನಂಬಿಬಿಟ್ಟಳು. ಮರುದಿನ ಮನೆ ಮನೆಗೆ ಹೋಗಿ ಕೈ ಮುಗಿದಳು. ಆ ವಾರವೇ ಮಷಿನ್ ಕಿತ್ತಿಸಿ ಸ್ಟೇಷನ್ ರಸ್ತೆಯ ಆಚೆ ಒಂದು ತಗಡಿನ ಶೆಡ್ಡಿಗೆ ಒಯ್ದಳು. ಗಂಡನಿಗೆ ಬೆಳಿಗ್ಗೆಯೇ ಉಣಿಸಿ, ಹಾಸಿಗೆಯ ಪಕ್ಕ ನೀರು ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಹೋಗುತ್ತಿದ್ದಳು. ಮಧ್ಯಾಹ್ನ ಒಮ್ಮೆ ಓಡಿಬಂದು ನೋಡಿ ಮತ್ತೆ ಓಡುತ್ತಿದ್ದಳು. ಯಾವುದಕ್ಕೆಂದು ಆ ಮಷಿನ್ ಮನೆಯಲ್ಲಿಟ್ಟಿದ್ದಳೋ ಅದೇ ತಪ್ಪಿಹೋಯಿತು. ಆತ ಕೂಗಿದರೆ ಕೇಳುವವರಿರಲಿಲ್ಲ. ಕೆಲವೊಮ್ಮೆ ಆ ಕೂಗು ನನ್ನ ಅಡುಗೆಮನೆಗೆ ಕೇಳುತ್ತಿತ್ತು, ನಾನು ಹೋಗಿ ನೀರು ಕೊಡುತ್ತಿದ್ದೆ. ಓಣಿಯವರು ಸುಮಿತ್ರವ್ವ ಎಷ್ಟು ಒಳ್ಳೆಯವಳು ಎಂದರು. ಆ ಹೊಗಳಿಕೆಯನ್ನೂ ನಾನು ಬೇಡ ಅನ್ನಲಿಲ್ಲ. ಆತ ತೀರಿಕೊಂಡದ್ದು ಕೆಲವು ವರ್ಷಗಳ ಮೇಲೆ, ಬೇರೆ ಕಾಯಿಲೆಯಿಂದ. ಅದನ್ನು ನನ್ನ ಲೆಕ್ಕಕ್ಕೆ ಹಾಕಿಕೊಂಡು ದೊಡ್ಡವಳೆನಿಸಿಕೊಳ್ಳುವ ಆಸೆ ನನಗಿಲ್ಲ, ಆದರೆ ಆ ಒಂಟಿ ಮಧ್ಯಾಹ್ನಗಳು ನನ್ನವೇ.

ಇನ್ನೊಂದು ಇದೆ. ಅಂದಿನಿಂದ ಪ್ರತಿ ವರ್ಷ ಖಾರದ ಕಾಲ ಬಂತೆಂದರೆ ಗಿರಿಜಕ್ಕ ಮೊದಲು ನಮ್ಮ ಓಣಿಯ ಮೆಣಸಿನಕಾಯಿ ಕುಟ್ಟುತ್ತಿದ್ದಳು, ಕೂಲಿ ತೆಗೆದುಕೊಳ್ಳದೆ. ಯಾರೂ ಕೇಳಿರಲಿಲ್ಲ, ಆಕೆಯೇ ಇಟ್ಟುಕೊಂಡ ವ್ರತ. ಮೊದಮೊದಲು ಬೇಡ ಬೇಡ ಎಂದವರು ಆಮೇಲೆ ರೂಢಿ ಮಾಡಿಕೊಂಡರು. ಹೊಸದಾಗಿ ಬಂದ ಸೊಸೆಯಂದಿರಂತೂ ಅದು ಓಣಿಯ ಹಕ್ಕು ಎಂದೇ ತಿಳಿದರು. ನಾನೂ ತೊಟ್ಟು ಬಿಡಿಸಿದ ಮೆಣಸಿನಕಾಯಿ ಒಯ್ದು, ಕುಟ್ಟಿಸಿಕೊಂಡು, ಡಬ್ಬಿ ತುಂಬಿಕೊಂಡು ಬಂದೆ. ಒಂದು ವರ್ಷವಲ್ಲ, ಎಲ್ಲ ವರ್ಷವೂ. ಆ ಖಾರದಲ್ಲಿ ಮಾಡಿದ ಎಣ್ಣೆಗಾಯಿಯನ್ನು ಚಪ್ಪರಿಸಿ ತಿಂದೆ. ಬಣ್ಣವೇನು, ವಾಸನೆಯೇನು!

ಹೇಗೆ ತಿಂದೆ ಎಂದು ನೀವು ಕೇಳಬಹುದು. ನನಗೆ ನಾನೇ ಒಂದು ಸಮಾಧಾನ ಕಟ್ಟಿಕೊಂಡಿದ್ದೆ. ಯಾರಿಗೂ ಹೊಡೆಯದ ಬರಿ ತಂತಿ ಕಿತ್ತರೆ ಟಿ.ವಿ. ಹೇಗೆ ಸುಟ್ಟೀತು? ಮಷಿನ್ ಎಳೆದದ್ದಂತೂ ಖರೆ. ನನ್ನ ಹಗ್ಗವೂ ಅದೇ ಹೊತ್ತಿಗೆ ಜಗ್ಗಿರಬಹುದು, ಆದರೆ ಸುಟ್ಟದ್ದು ಮಷಿನ್ನಿಂದಲೇ ಇರಬೇಕು — ಇರಬೇಕು, ಇರಬೇಕು ಎನ್ನುತ್ತ ಇಷ್ಟು ವರ್ಷ ಕಳೆದೆ. ತಿಳಿಯದೇ ಇರುವುದು ಎಷ್ಟು ಮೆತ್ತನೆಯ ಹಾಸಿಗೆ ಎಂದು ಆ ಹಾಸಿಗೆಯ ಮೇಲೆ ಮಲಗಿದವರಿಗೇ ಗೊತ್ತು. ಯಾರನ್ನಾದರೂ ಕೇಳಿದ್ದರೆ ತಿಳಿಯುತ್ತಿತ್ತು. ಕೇಳಲಿಲ್ಲ. ಅದೂ ಬೇಕೆಂದೇ.

ಆ ಹಾಸಿಗೆಯನ್ನು ಎಳೆದುಹಾಕಿದ್ದು ರಾಣೆಬೆನ್ನೂರಿನಲ್ಲಿ ನಡೆದ ಒಂದು ತರಬೇತಿ. ಕಳೆದ ಚಳಿಗಾಲದ ಮಾತು. ಮನೆಯಲ್ಲಿ ಮಷಿನ್ ಇಟ್ಟುಕೊಂಡು ದುಡಿಯುವ ಹೆಣ್ಣುಮಕ್ಕಳಿಗೆಂದು ಸಂಘದವರು ಏರ್ಪಡಿಸಿದ್ದು — ಹಿಟ್ಟಿನ ಗಿರಣಿಯವರು, ರೊಟ್ಟಿ ಮಷಿನ್‌ನವರು, ಹೊಲಿಗೆಯವರು. ಗಿರಿಜಕ್ಕ, ನಾನು ಜೊತೆಯಾಗಿ ಬಸ್ಸಿನಲ್ಲಿ ಹೋದೆವು. ಕಲಿಸಲು ಬಂದ ಮೇಡಂ ನನ್ನ ಮಗಳಿಗಿಂತ ಚಿಕ್ಕವಳು, ಆದರೆ ನಾಲಿಗೆ ಚುರುಕು. ಕರೆಂಟಿನ ಜೋರು ಒಮ್ಮೆಲೇ ಏರುವುದರಲ್ಲಿ ಬೇರೆ ಬೇರೆ ಬಗೆ ಇವೆ ಎಂದಳು. ಸಿಡಿಲಿನದು ಕಣ್ಣು ಮಿಟುಕುವುದರೊಳಗೆ ಬಂದು ಹೋಗುತ್ತದೆ, ಅಷ್ಟರಲ್ಲೇ ಮನೆ ತೊಳೆದು ಹೋಗುತ್ತದೆ. ದೊಡ್ಡ ಮೋಟಾರು ಬಂದ್ ಮಾಡಿದಾಗ ಸಣ್ಣ ಸಣ್ಣ ಹೊಡೆತ ಬರುತ್ತವೆ, ಅವು ಟಿ.ವಿ.ಯನ್ನು ಒಂದೇಟಿಗೆ ಕೊಲ್ಲುವುದಿಲ್ಲ, ಒಳಗೊಳಗೇ ಸವೆಸುತ್ತವೆ. ಇವೆರಡಕ್ಕೆ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಕೂಡಿಸಿದರೆ ಅದು ಅಡ್ಡ ನಿಂತು ಕಾಯುತ್ತದೆ. ಮೂರನೆಯದು ನ್ಯೂಟ್ರಲ್ ಕಿತ್ತಾಗ ಏರುವ ವೋಲ್ಟೇಜು. ಅದು ಬಂದು ಹೋಗುವುದಲ್ಲ, ಕೂತುಬಿಡುವ ನೆಂಟ. ಅದರ ಮುಂದೆ ಆ ಪ್ರೊಟೆಕ್ಟರ್ ಕೂಡ ಸುಟ್ಟುಹೋಗುತ್ತದೆ; ಹೆಚ್ಚಾದೊಡನೆ ಲೈನನ್ನೇ ಕಡಿಯುವ ಬೇರೆ ಸಾಧನ ಬೇಕು.

ನ್ಯೂಟ್ರಲ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಾನು ಸೆರಗು ಸರಿಮಾಡಿಕೊಂಡೆ. ಮೇಡಂ ನಮ್ಮನ್ನು ಅಂಗಳಕ್ಕೆ ಕರೆದೊಯ್ದಳು. ನಡುವೆ ಒಂದು ಗೂಟ ಹುಗಿದಿತ್ತು, ಗೂಟಕ್ಕೆ ಒಂದು ಕಬ್ಬಿಣದ ಬಳೆ. ಬಳೆಗೆ ಸೈಕಲ್ ಟ್ಯೂಬ್ ಸೀಳಿ ಮಾಡಿದ ರಬ್ಬರಿನ ಪಟ್ಟಿಗಳನ್ನು ಮೂರು ಕಡೆಗೆ ಕಟ್ಟಿದ್ದಳು, ಕಂಬದ ಮೇಲಿನ ಮೂರು ತಂತಿಗಳಿಂದ ಕರೆಂಟು ಪಡೆಯುವ ಮೂರು ಮನೆಗಳ ಹಾಗೆ. ಮೂವರು ಬರ್ರಿ ಎಂದಳು. ಗಿರಿಜಕ್ಕ, ನಾನು, ಹಾವೇರಿಯ ಹೊಲಿಗೆಯ ಹೆಣ್ಣುಮಗಳೊಬ್ಬಳು ಹೋದೆವು. ದೊಡ್ಡ ಮಷಿನ್ ಯಾರದು ಎಂದು ಕೇಳಿ ಗಿರಿಜಕ್ಕನ ಕೈಗೆ ಮೂರು ಪಟ್ಟಿ ಕೂಡಿಸಿದ ದಪ್ಪನೆಯದನ್ನು ಕೊಟ್ಟಳು. ನಮಗಿಬ್ಬರಿಗೆ ಒಂದೊಂದೇ ತೆಳ್ಳಗಿನದು. ಪಟ್ಟಿ ಎಷ್ಟು ಹಿಗ್ಗುತ್ತದೋ ಅಷ್ಟು ನಿಮ್ಮ ಮನೆಯ ವೋಲ್ಟೇಜು, ಗೂಟವೇ ನ್ಯೂಟ್ರಲ್, ಅಂದರೆ ಕಂಬದ ಎಲ್ಲಕ್ಕೂ ಕೆಳಗಿನ ತಂತಿ, ಹಿಡಿದು ನಿಂತ ಜಾಗ ಬಿಡಬೇಡಿ ಎಂದಳು. ಎಳೆದು ನಿಂತೆವು. ಬಳೆ ನಡುವಿನಲ್ಲಿ ಅಲುಗದೆ ನಿಂತಿತ್ತು. ಮೂವರ ಪಟ್ಟಿಯೂ ಸರಿಸಮ ಹಿಗ್ಗಿತ್ತು.

ಮೇಡಂ ಬಗ್ಗಿ ಗೂಟ ಕಿತ್ತಳು.

ಬಳೆ ಸರ್ರನೆ ಗಿರಿಜಕ್ಕನ ಕಡೆ ಹಾರಿತು. ಆಕೆಯ ಪಟ್ಟಿ ಸಡಿಲಾಗಿ ಕುಗ್ಗಿತು, ನಮ್ಮಿಬ್ಬರದು ಎಳೆದುಕೊಂಡು ಎಳೆದುಕೊಂಡು — ನನ್ನದು ಹರಿದು ಪಟ್ ಎಂದು ನನ್ನ ಕೈಗೇ ಬಾರಿಸಿತು. ಎಲ್ಲರೂ ನಕ್ಕರು. ಗಿರಿಜಕ್ಕನೇ ಎಲ್ಲರಿಗಿಂತ ಜೋರಾಗಿ ನಕ್ಕು, ಇಲ್ಲಿಯೂ ನಾನೇ ಎಳೆದೆನಲ್ಲ ಎಂದಳು. ನಾನು ಕೈ ಹಿಡಿದುಕೊಂಡು ನಿಂತಿದ್ದೆ. ಆಕೆಯ ಬಲ್ಬು ಮಿಣುಕಿದ್ದು, ಮಷಿನ್ ನರಳಿದ್ದು, ನಮ್ಮದೆಲ್ಲ ಉರಿದು ಒಡೆದದ್ದು, ಆಕೆಯದು ಉಳಿದದ್ದು — ಎಲ್ಲ ಆ ಅಂಗಳದಲ್ಲಿ ನನ್ನ ಕಣ್ಣೆದುರಿಗೆ ಬಂತು. ಓಣಿ ಯಾವುದನ್ನು ಆಕೆಯ ವಿರುದ್ಧ ಸಾಕ್ಷಿ ಎಂದುಕೊಂಡಿತ್ತೋ ಅದೇ ನನ್ನ ವಿರುದ್ಧದ ಸಾಕ್ಷಿಯಾಗಿತ್ತು.

ನಗು ನಿಂತ ಮೇಲೆ ಗಿರಿಜಕ್ಕ ಕೇಳಿದಳು: "ಹಂಗಾರ ಮೇಡಂ, ಜಾಸ್ತಿ ಎಳದವರ ತಪ್ಪಿಲ್ಲೇನ್ರೀ ಇದರಾಗ?"

"ಇಲ್ರಿ. ಗೂಟ ಗಟ್ಟಿ ಇದ್ರ ನೀವು ಎಷ್ಟ ಎಳದ್ರೂ ಬಾಜೂದವರಿಗೆ ಏನೂ ಆಗೂದಿಲ್ಲ. ಗೂಟ ಕಿತ್ತಿದ್ದಕ್ಕ ಇಷ್ಟೆಲ್ಲಾ ಆತು."

ಗಿರಿಜಕ್ಕ ಆ ಕಿತ್ತ ಗೂಟವನ್ನೇ ನೋಡುತ್ತ ನಿಂತಳು. ಬ್ಯಾಡಗಿಗೆ ಮರಳುವ ಬಸ್ಸಿನಲ್ಲಿ ಜೊತೆಯಾಗಿ ಕೂತೆವು. ಮೋಟೆಬೆನ್ನೂರು ದಾಟಿದ ಮೇಲೆ ಗಿರಿಜಕ್ಕ ತನಗೆ ತಾನೇ ಹೇಳಿಕೊಂಡಂತೆ, ಅವತ್ತು ಆ ತಂತಿ ಹೇಗೆ ಕಿತ್ತಿತೋ ಏನೋ, ಹಳೇ ತಂತಿ, ತಾನೇ ಕಿತ್ತಿರಬೇಕು, ಅಲ್ಲೇನು ಎಂದು ನನ್ನ ಮುಖ ನೋಡಿದಳು.

ನಾನು ಹೂಂ ಅಂದೆ.

ಮೊದಲನೆಯ ಸಲ ತಿಳಿಯದೆ ಅಂದೆ ಎಂದು ಹೇಳಿಕೊಳ್ಳಬಹುದಿತ್ತು. ಈ ಸಲ ಎಲ್ಲ ತಿಳಿದು, ಆಕೆಯ ತೋಳಿಗೆ ತೋಳು ತಾಗಿಸಿ ಕೂತು, ಹೂಂ ಅಂದೆ. ಹಳೆಯ ಸುಳ್ಳಿಗಿಂತ ಈ ಒಂದಕ್ಷರ ನನ್ನನ್ನು ಹೆಚ್ಚು ಕಾಡಿತು. ಮನೆಗೆ ಬಂದು ಎರಡು ದಿನ ಉಪ್ಪು ಹೆಚ್ಚು ಕಡಿಮೆ ಮಾಡಿ ಅಡುಗೆ ಕೆಡಿಸಿದೆ. ಮೂರನೆಯ ದಿನ ನಮ್ಮನೆಯವರ ಮುಂದೆ ಎಲ್ಲ ಹೇಳಿದೆ. ಅವರು ತಟ್ಟೆ ಬಿಟ್ಟು ಏಳಲಿಲ್ಲ, ಬೈಯಲೂ ಇಲ್ಲ. ಹಳೆಯದನ್ನು ಯಾಕೆ ಕೆದಕುತ್ತಿ, ಆಕೆ ಈಗ ಚೆನ್ನಾಗಿದ್ದಾಳಲ್ಲ, ಸ್ಟೇಷನ್ ರಸ್ತೆಗೆ ಹೋದದ್ದರಿಂದಲೇ ಗಿರಾಕಿ ಹೆಚ್ಚಾದರು, ಒಂದು ಲೆಕ್ಕಕ್ಕೆ ನೀನು ಉಪಕಾರವೇ ಮಾಡಿದೆ ಎಂದರು. ಅವರು ತಮಾಷೆಗೆ ಅಂದದ್ದಲ್ಲ, ನನ್ನನ್ನು ಉಳಿಸಲು ಅಂದದ್ದು. ಗಿರಿಜಕ್ಕ ಈಗ ಚೆನ್ನಾಗಿರುವುದೂ ಖರೆ. ಎರಡು ಮಷಿನ್, ಕೈಕೆಳಗೆ ಹೆಣ್ಣುಮಕ್ಕಳು. ಆದರೆ ಅದು ಆಕೆ ದುಡಿದದ್ದು. ಅದರಲ್ಲಿ ನನ್ನ ಪಾಲು ಇಲ್ಲ. ನನ್ನ ಪಾಲಿನದು ಬೇರೆ ಇತ್ತು, ಅದನ್ನು ಒಯ್ದು ಒಪ್ಪಿಸಬೇಕಿತ್ತು.

ಮರುದಿನ ಮುಂಜಾನೆ ಶೆಡ್ಡಿಗೆ ಹೋದೆ. ಗಿರಾಕಿಗಳಿರಲಿಲ್ಲ. ಗಿರಿಜಕ್ಕ ಮಷಿನ್ ಒರೆಸುತ್ತಿದ್ದಳು. ನಿಂತಲ್ಲಿಯೇ ಹೇಳಿದೆ — ಹಗ್ಗ, ಪಟ್ಟಿ, ಕಿಡಿ, ಕಟ್ಟೆಯ ಮೇಲೆ ಆಡಿದ ಮಾತು, ಬಸ್ಸಿನ ಹೂಂ. ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದರಿಂದ ಬಹಳ ಉದ್ದವಾಗಬಹುದೆಂದಿದ್ದೆ, ಗಳಿಗೆಯೊಳಗೆ ಮುಗಿದುಹೋಯಿತು. ಆಕೆ ಒರೆಸುವುದನ್ನು ನಿಲ್ಲಿಸಲಿಲ್ಲ. ಒಂದೇ ಜಾಗವನ್ನು ಒರೆಸಿದಳು, ಮತ್ತೆ ಅದನ್ನೇ ಒರೆಸಿದಳು. ಆಮೇಲೆ, ಈಗ ಹೋಗು ಸುಮಿತ್ರಾ, ಗಿರಾಕಿ ಬರುವ ಹೊತ್ತು ಎಂದಳು.

ನಾನು ಅಲ್ಲಿಂದ ನೇರ ಓಣಿಗೆ ಬಂದು ಮನೆ ಮನೆಗೆ ಹೋದೆ. ಯಾರೂ ಹೋಗೆಂದು ಹೇಳಿರಲಿಲ್ಲ. ಆಕೆ ನಡೆದ ದಾರಿಯನ್ನು ನಾನೂ ನಡೆಯಬೇಕೆನಿಸಿತು. ಆದರೆ ಏನಾಯಿತು ಗೊತ್ತೇ — ಅರ್ಧ ಓಣಿಗೆ ಅದು ನೆನಪೇ ಇರಲಿಲ್ಲ. ಒಬ್ಬಳು, ಹೌದಲ್ಲ, ಆಗ ಟಿ.ವಿ. ಸುಟ್ಟಿತ್ತು ಎಂದು ನಕ್ಕಳು. ಇನ್ನೊಬ್ಬಳು ಶಾವಿಗೆ ಉಳಿಯಿತೋ ಇಲ್ಲವೋ ಎಂದು ಕೇಳಿದಳು. ಸೊಸೆಯಂದಿರಿಗಂತೂ ತಲೆಬುಡ ತಿಳಿಯಲಿಲ್ಲ. ಮಾಸ್ತರರಿಗೆ ಈಗ ಬಹಳ ವಯಸ್ಸಾಗಿದೆ, ಕಿವಿ ಮಂದ. ಅವರ ಹತ್ತಿರ ಕೂತು ಎರಡೆರಡು ಸಲ ಹೇಳಬೇಕಾಯಿತು. ಅವರೊಬ್ಬರೇ ನಗಲಿಲ್ಲ. ಹಾಗಾದರೆ ಅವತ್ತಿನ ನ್ಯಾಯ ತಪ್ಪಿತಲ್ಲವ್ವ ಎಂದರು. ಓಣಿ ನಕ್ಕು ಮರೆತದ್ದನ್ನು ಒಬ್ಬಳೇ ಒಬ್ಬಳು ವರ್ಷ ವರ್ಷವೂ ನೆನಪಿಟ್ಟು ಕುಟ್ಟಿ ಕೊಟ್ಟಿದ್ದಳು ಎಂದು ನನಗೆ ಆಗ ಪೂರ್ತಿ ಅರ್ಥವಾಯಿತು.

ನಾಲ್ಕಾರು ದಿನ ಕಳೆದ ಮೇಲೆ ಗಿರಿಜಕ್ಕ ನಮ್ಮ ಮನೆಗೆ ಬಂದಳು. ಸಿಟ್ಟಿನ ಮುಖವಿರಲಿಲ್ಲ. ಕುಂದ್ರಕ್ಕಾ ಎಂದೆ, ಕೂತಳು. ಚಹಾ ಕೊಟ್ಟೆ, ತೆಗೆದುಕೊಂಡಳು. ಕಾಲಿಗೆ ಬೀಳಲೋ, ಮಾಫಿ ಕೇಳಲೋ ಎಂದು ನಾನು ಶಬ್ದ ಹುಡುಕುತ್ತಿದ್ದೆ. ಆಕೆಯೇ ಮೊದಲು ಮಾತಾಡಿದಳು.

"ಅವತ್ತು ನಾ ಮನಿ ಮನಿಗೆ ಹೋಗಿದ್ನಲ್ಲ, ನಿಮ್ಮನಿಗೂ ಬಂದಿದ್ದೆ. ಇಲ್ಲೇ ಕುಂತಿದ್ದೆ. ನಿನಗ ನೆನಪೈತೇನು?"

ನೆನಪಿರಲಿಲ್ಲ. ದೇವರಾಣೆಗೂ ಇರಲಿಲ್ಲ. ಇಷ್ಟೆಲ್ಲ ನೆನಪಿಟ್ಟುಕೊಂಡವಳು ಅದೊಂದನ್ನು ಎಲ್ಲಿ ಹೂತಿದ್ದೆನೋ... ಆಕೆ ಹೇಳುತ್ತಿದ್ದಂತೆ ಒಂದೊಂದೇ ಮೇಲೆ ಬಂತು. ಆಕೆ ಕೈ ಮುಗಿದದ್ದು. ನಾನು ಆ ಕೈಗಳನ್ನು ಹಿಡಿದು ಕೆಳಗಿಳಿಸಿದ್ದು. ಇರಲಿ ಬಿಡಕ್ಕಾ, ಆಗಿದ್ದು ಆತು, ನಮ್ಮ ಮನಸಿನಾಗ ಏನಿಲ್ಲ ಎಂದದ್ದು. ಆಕೆ ಅತ್ತದ್ದು. ನಾನು ಕಣ್ಣೊರೆಸಿದ್ದು.

"ಓಣ್ಯಾಗ ಎಲ್ಲಾರೂ ಒಂದಿಲ್ಲಾ ಒಂದ್ ಅಂದ್ರು. ಒಂದೂ ಅನ್ನದ ಮಾಫ್ ಮಾಡಿದಾಕಿ ನೀ ಒಬ್ಬಾಕಿನ. ಸುಮಿತ್ರಾ ಎಷ್ಟ್ ದೊಡ್ಡ ಮನಸಿನಾಕಿ ಅಂತ ಇಷ್ಟ ವರ್ಷ ಅದನ್ನ ಜ್ವಾಕಿ ಮಾಡಿ ಇಟಗೊಂಡಿದ್ದೆ ನಾ." ಲೋಟವನ್ನು ಕೆಳಗಿಟ್ಟಳು. "ನಿನ್ನ ಮ್ಯಾಲ ಸಿಟ್ಟಿಲ್ಲ. ನೀ ಕೊಟ್ಟ ಮಾಫಿ ಮಾತ್ರ ನನಗ ಬ್ಯಾಡ. ಅದನ್ನ ವಾಪಸ್ ತಗೋ."

ಈ ವರ್ಷ ಓಣಿಯವರು ಉಳಿದ ಗಿರಾಕಿಗಳ ಸಾಲಿನಲ್ಲೇ ನಿಂತು ಖಾರ ಕುಟ್ಟಿಸಿಕೊಂಡರು, ನಾನೂ ನಿಂತೆ. ಗಿರಿಜಕ್ಕ ಎಲ್ಲರಿಂದಲೂ ಕೂಲಿ ತೆಗೆದುಕೊಂಡಳು. ನಮ್ಮ ಮಾತುಕತೆ ನಿಂತಿಲ್ಲ, ಸಂಘಕ್ಕೆ ಜೊತೆಯಾಗಿಯೇ ಹೋಗುತ್ತೇವೆ, ಆಕೆ ಮೊದಲಿಗಿಂತ ಜೋರಾಗಿ ನಗುತ್ತಾಳೆ. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಅದನ್ನು ಕೊಡುವುದು ಬಿಡುವುದು ಆಕೆಗೆ ಸೇರಿದ್ದು.

ಮಾಫಿ ವಾಪಸ್ ತಗೋ ಎಂದ ಆ ದಿನ ಆಕೆ ಕೈ ಚಾಚಿ ಕೂತಿದ್ದಳು, ನಿಜವಾಗಿಯೂ ಏನನ್ನೋ ಮರಳಿ ಕೊಡುವವಳಂತೆ. ಆ ಖಾಲಿ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ತಗೊಂಡೇನಕ್ಕಾ" ಅಂದೆ.